ಓಡೂ ಮಶೀನಿಗೆ ಪೂಜಿ

ನಿಂತಿಲ್ಲ, ಕಂಪ್ರೆಸರ್ ನಿಂತಿಲ್ಲ, ಗೇಟಿನಾಗ ಕಾಲಿಟ್ಟ ಕೂಡ್ಲೇ ನೆಲ ಅಂಗಾಲಿಗೆ ಗುಂಯ್ ಅನ್ನಾಕತ್ತೈತಿ, ಇವತ್ತ ಖಂಡೇನವಮಿ, ಆಯುಧ ಪೂಜಿ, ಈ ಹೊತ್ತಿಗೆ ಫೌಂಡ್ರಿ ಗಪ್ ಇರಬೇಕು, ಮಶೀನೆಲ್ಲ ತೊಳಿಸ್ಕೊಂಡು ವಿಭೂತಿ ಹಚ್ಚಿಸ್ಕೊಂಡು ಕುಂತಿರಬೇಕು — ಇನ್ನಾ ಬಂದ್ ಮಾಡಿಲ್ಲ ಅಷ್ಟ, ಪೂಜಿ ಹೊತ್ತಿಗೆ ಮಾಡ್ತಾರೇಳು ಕಾಂತಾ, ಕೋರ್ಟ ಹೇಳಿದ ಮ್ಯಾಲ ಮಾಡದ ಎಲ್ಲಿ ಹೋಗ್ತಾರ. ಚೀಲದಾಗ ಚೆಂಡು ಹೂವು, ಕಾಯಿ, ಊದಿನಕಡ್ಡಿ, ಖಾನಾಪುರ ಬಸ್ಸಿನ ಗದ್ದಲದಾಗ ಹೂವು ಜಜ್ಜೀತು ಅಂತ ತೊಡಿ ಮ್ಯಾಲ ಇಟ್ಕೊಂಡು ಬಂದೀನಿ, ಬಾಜುಕ ಕುಂತಾಕಿ ಮರಾಠಿಯೊಳಗ ಕೇಳಿದ್ಲು ಎಲ್ಲಿ ಪೂಜಿ ಅಂತ, ನಮ್ಮ ಕಾರ್ಖಾನ್ಯಾಗ ಅಂದೆ, ನಮ್ಮ ಅಂತ, ಹುಚ್ಚಿ, ನನ್ನ ಕೆಲಸಕ್ಕ ವಾಪಸ್ ತಗೊಂಡು ಇನ್ನಾ ತಿಂಗಳ ಆಗಿಲ್ಲ, ಆಗಲೇ ನಮ್ಮ ಕಾರ್ಖಾನಿ ಅಂತ, ಆದ್ರೂ ಯಾಕ ಅನ್ನಬಾರದು, ಈ ಒಂದು ದಿನದ ಸಲುವಾಗಿ ಆರು ದಸರಾ ಮನ್ಯಾಗ ಕುಂತೀನಿ, ಇವತ್ತ ಈ ಮಶೀನು ನಿಲ್ಲಬೇಕು, ನಿಂತದ್ದ ನಾ ಕಣ್ಣಾರೆ ನೋಡಬೇಕು, ನನಗ ಮತ್ತೇನೂ ಬ್ಯಾಡ.

ದೊಡ್ಡ ಸಾಹೇಬ್ರು ಇದ್ದಾಗ ಹಿಂಗಿರಲಿಲ್ಲ, ಪುಣ್ಯಾತ್ಮ, ತಾವ ನಿಂತು ಕಾಯಿ ಒಡೆಸ್ತಿದ್ರು, ಎರಕದ ಮಂದಿ, ಕೋರು ಮಾಡೂ ನಾವು ಹೆಣ್ಮಕ್ಕಳು — ಎರಕದೊಳಗ ಟೊಳ್ಳು ಬರಬೇಕಂದ್ರ ಉಸುಕಿನ ಅಚ್ಚು ಇಡಬೇಕು, ಅದ ಕೋರು, ಅದ ನಮ್ಮ ಕೆಲಸ — ಎಲ್ಲಾರಿಗೂ ಪೇಢೆ, ಮರುದಿನ ಬನ್ನಿ ಹಂಚಿದ ಮ್ಯಾಲೇ ಮಶೀನ್ ಚಾಲೂ, ಪೂಜಿ ಆದ ಸಾಮಾನ ಅಲ್ಲೀತನಕ ಯಾರೂ ಮುಟ್ಟಂಗಿಲ್ಲ, ಪಾರಿಶ್ವಾಡದಾಗ ನಮ್ಮಪ್ಪ ಕುಡಗೋಲ ಸೈತ ಮುಟ್ಟಗೊಡ್ತಿರಲಿಲ್ಲ. ಅವರು ತೀರ್ಕೊಂಡ್ರು, ಮಗ ಅಮೇಯ ಸಾಹೇಬ್ರು ಬಂದ್ರು, ಪೂಜಿ ಮಾಡ್ರಿ ನಾ ಏನ್ ಬ್ಯಾಡ ಅನ್ನಂಗಿಲ್ಲ, ಮಶೀನ್ ಮಾತ್ರ ನಿಲ್ಲಂಗಿಲ್ಲ ಅಂದ್ರು, ಅರ್ಜಂಟ್ ಮಾಲ್ ಐತಂತ, ಮಾಲ್ ಯಾವಾಗ ಅರ್ಜಂಟ್ ಇರಂಗಿಲ್ಲ ಹೇಳ್ರಿ. ಸಿಟ್ಟು ನೆತ್ತಿಗೇರಿ ನಾ ಸೀದಾ ಮೇನ್ ಸ್ವಿಚ್ ಕಡೆ ನಡದೆ, ಕೆಳಗ ಎಳದೆ, ವಿಭೂತಿ ಹಚ್ಚಿದೆ, ಕುಂಕುಮ ಇಟ್ಟೆ, ಹೂವ ಏರಿಸಿದೆ — ಆತು, ಇನ್ನ ಯಾವ ಮಗ ಮುಟ್ತಾನ ಮುಟ್ಟಲಿ. ಎಲೆಕ್ಟ್ರಿಷನ್ ಲಕ್ಷ್ಮಣ ಹಿಂದ ಸರದ, ಸುಪರ್ವೈಜರ್ ಕೈ ಮುಗದ, ಅಮೇಯ ಸಾಹೇಬ್ರ ಕೈ ಅರ್ಧಕ್ಕ ನಿಂತು ವಾಪಸ್ ಹೋತು, ನಕ್ಕೆ ನಾನು, ಅದ ತಪ್ಪಾತೋ ಏನೋ, ಕುಂಕುಮಕಿಂತ ಆ ನಗೀನ ಅವರಿಗೆ ಚುಚ್ಚಿರಬೇಕು. ಸಂಪು ಮಾಡಿಸಿದ್ಲು ಅಂತ ಬರದ್ರು, ನನ್ನ ಸಂಗಡ ಕೋರಿನ ಹೆಣ್ಮಕ್ಕಳನ್ನೆಲ್ಲ ಹೊರಗ ಹಾಕಿದ್ರು, ಉಳದಾರು ಕೊಟ್ಟಷ್ಟ ತಗೊಂಡು ಬಿಟ್ಟು ಹೋದ್ರು, ಪ್ರಮಿಳಾ ಅಂತೂ ನನ್ನ ಕೈ ಹಿಡದು ಅತ್ತು ಹೋದ್ಲು, ನಾ ಒಬ್ಬಾಕಿ ಲೇಬರ್ ಕೋರ್ಟಿನ ಪಾವಟಿಗಿ ಏರಿದೆ.

ಅಲ್ಲಿ ಕಟಕಟ್ಯಾಗ ನಿಲ್ಲಿಸಿ ಕಂಪನಿ ವಕೀಲ ಕೇಳ್ತಾನ, ಸ್ವಿಚ್ಚಿಗೆ ಕುಂಕುಮ ಹಚ್ಚೂ ಹಿಂದ ನಿಮ್ಮ ಉದ್ದೇಶ ಏನಿತ್ತು, ಕುಂಕುಮ ಹಚ್ಚಾಕೂ ಉದ್ದೇಶ ಬೇಕೇನ್ರೀ ಅಂದೆ, ಜಡ್ಜ್ ಸಾಹೇಬ್ರು ತಲಿ ಬಗ್ಗಿಸಿ ನಕ್ಕಂಗ ಕಾಣಿಸ್ತು, ತಾರೀಖ, ಮತ್ತ ತಾರೀಖ, ಕೋರ್ಟ ಹೊರಗಿನ ಚಾದ ಅಂಗಡಿಯಾಂವ ನನಗ ಸಕ್ಕರಿ ಕಡಿಮಿ ಹಾಕೂದು ಕಲತ. ತೀರ್ಪಿನ ದಿನ ನಮ್ಮ ವಕೀಲ್ರು ಮಾರ್ತಾಂಡ ಸಾಹೇಬ್ರು ಓದಿ ಹೇಳಿದ್ರು, ಹಲವು ವರ್ಷಗಳಿಂದ ರೂಢಿಯಲ್ಲಿರುವ ರಜೆಯನ್ನು ಏಕಪಕ್ಷೀಯವಾಗಿ ಕಸಿದು, ವಿರೋಧಿಸಿದ ಕೆಲಸಗಾರರನ್ನು ವಜಾ ಮಾಡಿದ್ದು ಅನುಚಿತ ಕಾರ್ಮಿಕ ಪದ್ಧತಿ — ಎಷ್ಟ ಚಂದ ಮಾತು, ಬಸ್ಸಿನಾಗ ಬಾಯಿಪಾಠ ಮಾಡ್ಕೋತ ಬಂದೆ, ಕುಂದಾ ತಗೊಂಡು ಓಣಿಗೆಲ್ಲ ಹಂಚಿದೆ, ಮನಿಯವರು ಗುರುಪುತ್ರಪ್ಪ, ನನ್ನ ಗಂಡ, ಎಂದೂ ಮಾತಾಡದವರು, ಅಂದ್ರು, ಗೆದ್ದಿ ಬಿಡಲೇ.

ಏನ್ ಗೆದ್ದೆ. ಪೂಜಿ ಹೊತ್ತೂ ಆತು, ಒಳಗ ಒಂದೂ ನಿಂತಿಲ್ಲ, ಎಲ್ಲಾ ಹೊಸಾ ಮಶೀನು, ಎಲ್ಲಾ ಹೊಸಾ ಹುಡುಗ್ಯಾರು, ಮೇನ್ ಸ್ವಿಚ್ಚಿಗೆ ಕಬ್ಬಿಣದ ಪೆಟ್ಟಿಗಿ, ಪೆಟ್ಟಿಗಿಗೆ ಕೀಲಿ. ಅಮೇಯ ಸಾಹೇಬ್ರು ತಾವ ಬಂದ್ರು, ಬೈದಿದ್ರ ಛಲೋ ಇತ್ತು, ಕೈ ಮುಗದ್ರು, ಬರ್ರಿ ಕಾಂತಾಬಾಯಿ, ನಿಮಗ ಇವತ್ತ ಪಗಾರಿನ ರಜಾ, ಕೋರ್ಟ ಹೇಳಿದ್ದ ನಾವು ಮೀರಂಗಿಲ್ಲ. ಮತ್ತ ಈ ಹುಡುಗ್ಯಾರಿಗೆ? ಅವರು ನಮ್ಮವರಲ್ಲ ಬಾಯಿ, ಕಂತ್ರಾಟದಾರನ ಮಂದಿ, ತೀರ್ಪು ಕಂಪನಿ ಖಾಯಂ ಕೆಲಸಗಾರರಿಗೆ, ಎರಕಕ್ಕೂ ಕೋರಿಗೂ ಈಗ ಕಂತ್ರಾಟದ ಮಂದೀನ, ಖಾಯಂ ಅಂದ್ರ ನೀವೊಬ್ಬರ. ನಾನೊಬ್ಬಾಕಿ. ಇಡೀ ಫೌಂಡ್ರಿ ಸಲುವಾಗಿ ಹೊಡದಾಡಿ ತಂದದ್ದು ನನ್ನೊಬ್ಬಾಕಿಗೆ ಬಂತು. ವಕೀಲ್ರಿಗೆ ಫೋನ್ ಮಾಡಿದೆ, ಅವರಂದ್ರು, ಬ್ಯಾರೆ ಕೇಸ್ ಹಾಕಬೇಕಾಗ್ತೈತಿ, ಆ ಹುಡುಗ್ಯಾರು ತಾವ ಬಂದು ಸಹಿ ಮಾಡಬೇಕು. ಯಾರು ಮಾಡ್ತಾರ. ಹಲಸಿ ಊರಿನ ಹುಡುಗಿ ಒಬ್ಬಾಕಿ, ಸಾಕ್ಷಿ ಅಂತ ಹೆಸರು, ಮೂಲಿ ಮಶೀನಿನಾಕಿ, ದಿನಾ ನನ್ನ ಬಸ್ಸಿನಾಗ ಬರಾಕಿ, ಆಕಿಗೆ ಅಂದೆ, ಒಂದೆರಡು ಮಿನಿಟ ನಿಲ್ಲಸವಾ, ಕುಂಕುಮ ಇಡ್ತೀನಿ. ಆಕಿ ನನ್ನ ಕಡೆ ನೋಡಲಿಲ್ಲ, ಮಶೀನಿನ ಹಿಡಿಕಿ ಮ್ಯಾಲ ಕೆಳಗ ಎಳಕೋತನ ಅಂದ್ಲು.

"ನಿಲ್ಲಿಸಿದ್ರ ನಾಳಿಂದ ನನ್ನ ಕರಿಯಂಗಿಲ್ರೀ ಅಕ್ಕಾ. ನೀವು ಕೋರ್ಟಿನಾಗ ಗೆದ್ದೀರಿ, ನಿಮಗ ನಡೀತೈತಿ."

ನಡೀತೈತಿ, ನನಗ ನಡೀತೈತಿ, ಓಡೂ ಮಶೀನಿಗೆ ಎಲ್ಲಿ ಹಚ್ಚಲಿ ಕುಂಕುಮ, ಹಿತ್ತಲ ಬಾಗಲದಾಗ ನಾ ಕೋರು ಮಾಡೂ ಹಳೇ ಟೇಬಲ್ ಒಗದಾರ, ಅದೊಂದ ನಿಂತದ್ದು, ಅದಕ್ಕ ಹೂವ ಏರಿಸಿದೆ, ಕಾಯಿ ಒಡದೆ, ಸಪ್ಪಳ ಯಾರಿಗೂ ಕೇಳಿಸಲಿಲ್ಲ, ನನಗೂ ಕೇಳಿಸಲಿಲ್ಲ, ಊದಿನಕಡ್ಡಿ ವಾಸನಿ ಸುಟ್ಟ ಉಸುಕಿನ ವಾಸನ್ಯಾಗ ಹೋತು, ಪ್ರಸಾದ ಆದ್ರೂ ಕೊಡೂಣು ಅಂತ ಕಾಯಿ ಚೂರು ಹಿಡ್ಕೊಂಡು ಸಾಕ್ಷಿ ಬೆನ್ನ ಹಿಂದ ಬಂದು ನಿಂತೆ, ತಗೋವಾ ಅಂದೆ, ಆಕಿ ತಿರುಗಲಿಲ್ಲ, ಎಡಗೈ ಹಿಂದ ಚಾಚಿದ್ಲು. ಎಡಗೈ. ಪ್ರಸಾದಕ್ಕ ಯಾರಾದ್ರೂ ಎಡಗೈ ಚಾಚ್ತಾರೇನವಾ, ಬಲಗೈ ತಾ ಅನ್ನಾಕ ಬಾಯಿ ತೆರದೆ, ಬಲಗೈ ಹಿಡಿಕಿ ಮ್ಯಾಲೈತಿ, ಹಿಡಿಕಿ ಮ್ಯಾಲ, ಕೆಳಗ, ಮ್ಯಾಲ, ಅದನ್ನ ಹೆಂಗ ತರ್ತಾಳ ಆಕಿ, ಎಲ್ಲಿಂದ ತರ್ತಾಳ — ಕೊಡಲೋ ಬ್ಯಾಡೋ, ಕೈಯಾಗಿನ ಕಾಯಿ ನೀರು ಮೊಳಕೈಗೆ ಇಳ್ಯಾಕತ್ತೈತಿ, ಎಡಗೈ, ಬೆರಳ ಸಂದ್ಯಾಗ ಉಸುಕು, ಅಂಗೈಯಾಗ ಸುಟ್ಟ ಬೊಬ್ಬಿ, ಅಕ್ಕಾ ಲಗೂನ ಕೊಡ್ರಿ ಅನ್ನಾಕತ್ತಾಳ, ಹಿಡಿಕಿ ಕೆಳಗ, ಮ್ಯಾಲ, ಎಡಗೈ ಮುಚ್ಚತೈತಿ, ತೆರೀತೈತಿ, ಎಡಗೈ —