ಗಾಡಿ ಹೋದ ಮೇಲೆ

ಮೊದಲು ಕಾಣೆಯಾದದ್ದು ಕುಕ್ಕರಿನ ಮುಚ್ಚಳ. ಆಮೇಲೆ ಪಾಂಡುವಿನ ಹೊಸ ಚಪ್ಪಲಿ, ಅದಾದ ಮೇಲೆ ದೇವರ ಮುಂದಿನ ಹಿತ್ತಾಳೆ ದೀಪ. ಗೋವಾದ ಝುವಾರಿನಗರದ ಆ ಓಣಿಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಒಬ್ಬರ ಒಗ್ಗರಣೆಗೆ ಮೂರನೆಯ ಮನೆಯವರು ಸೀನುತ್ತಾರೆ. ಪಾಂಡುವಿನ ಹೆಂಡತಿ ರೂಪಾ ಓಣಿಯ ಹುಡುಗರ ಮೇಲೆ ಅನುಮಾನಪಟ್ಟು ಒಂದಿಬ್ಬರನ್ನು ಬೈದೂ ಬಿಟ್ಟಳು. ಕೊನೆಗೆ ಎಲ್ಲವೂ ಸಿಕ್ಕಿದ್ದು ಎದುರಿನ ಅರ್ಧ ಕಟ್ಟಿದ ಮನೆಯ ಮುಂದಿನ ಮರಳಿನ ರಾಶಿಯಲ್ಲಿ. ಕೆಳಗೆ ಗೋಣಿಚೀಲ ಹಾಸಿ, ಸಾಮಾನಿನ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಮರಳೆಳೆದು ಅಂಗೈಯಲ್ಲಿ ಸವರಿ ಸಮ ಮಾಡಿದ್ದರು. ಅಷ್ಟು ಅಚ್ಚುಕಟ್ಟಾಗಿ ಹೂಳುವವರು ಓಣಿಯಲ್ಲಿ ಒಬ್ಬರೇ ಇದ್ದರು, ರೂಪಾಳ ಅತ್ತೆ ಧಾಮಿಬಾಯಿ.

ವಿಜಯಪುರದ ಕಡೆಯ ತಾಂಡಾದಿಂದ ಬಂದು ಧಾಮಿಬಾಯಿ ಅರ್ಧ ಆಯುಷ್ಯ ಸಮುದ್ರದಂಡೆಯಲ್ಲಿ ಕನ್ನಡಿ ಹೊಲಿದ ಚೀಲ, ದುಪ್ಪಟಿ ಮಾರಿದವಳು. ಮಾರುವ ಪರವಾನಗಿ ಯಾರ ಹತ್ತಿರವೂ ಇರಲಿಲ್ಲ. ಕೊರಳಲ್ಲಿ ಕಾರ್ಡು ತೂಗುಬಿಟ್ಟುಕೊಂಡ ಸಾಹೇಬರ ಗಾಡಿ ಬಂತೆಂದರೆ ಹೆಂಗಸರೆಲ್ಲ ಕಣ್ಣುಮುಚ್ಚಿ ತೆರೆಯುವುದರೊಳಗೆ ಗಂಟನ್ನು ಮರಳಲ್ಲಿ ಇಳಿಸಿ, ಬಟ್ಟೆಗೆ ಮರಳು ಹತ್ತದಂತೆ ಬುಟ್ಟಿ ಮುಚ್ಚಿ, ಮೇಲೆ ಕುಳಿತು ಲಂಗ ಹರಡಿಬಿಡುತ್ತಿದ್ದರು. ಹೊಡೆದರೂ ಬೈದರೂ ಒಂದೇ ಮಾತು, ನಮ್ಮ ಹತ್ತಿರ ಏನೂ ಇಲ್ಲ. ಗಾಡಿ ಹೋದ ಮೇಲೆ ಸೋನಿಬಾಯಿ ಎಂಬ ಗೆಳತಿ ದಂಡೆಯುದ್ದಕ್ಕೂ ನಡೆದು ಬಂದು ಒಬ್ಬೊಬ್ಬರ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಗಾಡಿ ಹೋಯಿತೆಂದು ಹೇಳಬೇಕಿತ್ತು. ಅವಳು ಹೇಳುವತನಕ ಯಾರೂ ಎದ್ದೇಳುವಂತಿರಲಿಲ್ಲ.

ಸೋನಿಬಾಯಿ ಸತ್ತು ವರ್ಷಗಳಾಗಿವೆ. ಬಾಯ್ನಾ ದಂಡೆಯಲ್ಲಿದ್ದ ಇವರ ಗುಡಿಸಲನ್ನು ಸರಕಾರದವರು ಕೆಡವಿದ್ದು ಅದಕ್ಕೂ ಹಿಂದೆ. ಎರಡನ್ನೂ ಮುದುಕಿ ಈಗ ಮರೆತಿದ್ದಳು. ಬೆಳಿಗ್ಗೆ ಎದ್ದು ಬಾಯ್ನಾಕ್ಕೆ ಹೊರಡುತ್ತಿದ್ದಳು, ರೂಪಾಳನ್ನು ಸೋನಿ ಎಂದು ಕರೆಯುತ್ತಿದ್ದಳು. ನಾನು ನಿಮ್ಮ ಸೊಸೆ, ಸೋನಿ ಸತ್ತಳು ಎಂದು ರೂಪಾ ಪ್ರತಿ ಸಲ ತಿದ್ದುತ್ತಿದ್ದಳು. ಪ್ರತಿ ಸಲವೂ ಮುದುಕಿ ಆಗತಾನೇ ಸುದ್ದಿ ಕೇಳಿದವಳಂತೆ ಅಳುತ್ತಿದ್ದಳು. ಡಾಕ್ಟರು ಕಾಯಿಲೆಯ ಹೆಸರು ಹೇಳಿ, ಒಬ್ಬಳನ್ನೇ ಬಿಡಬೇಡಿ ಅಂದಿದ್ದರು. ಪಾಂಡು ಮಾತ್ರ ತಾಯಿಯ ವಿಷಯದಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡ ಆಸಾಮಿ. ಬಂದರಿನ ಕೆಲಸಕ್ಕೆ ನಸುಕಿನಲ್ಲಿ ಹೋದವನು ಅವ್ವ ಮಲಗಿದ ಮೇಲೆ ಬರುತ್ತಿದ್ದ. ಮಲಗಿದವರೆಲ್ಲ ಶಾಣ್ಯಾರಾಗಿಯೇ ಕಾಣುತ್ತಾರೆ.

ಗಂಡಹೆಂಡಿರಿಗೆ ತಮನ್ನಾ ಎಂಬ ಮಗಳಿದ್ದಳು, ಇನ್ನೂ ಕೂರಲು ಕಲಿಯುತ್ತಿದ್ದ ಕೂಸು. ರೂಪಾ ಕುಂಡಯಿಯ ಕಾರ್ಖಾನೆಗೆ ಹೋದಾಗ ಕೂಸು ಅಜ್ಜಿಯ ಹತ್ತಿರ ಇರುತ್ತಿತ್ತು. ಪಕ್ಕದ ಮನೆಯ ದೇವಿಬಾಯಿ ಆಗಾಗ ಇಣುಕಿ ಹೋಗುತ್ತಿದ್ದಳು. ಮುದುಕಿ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವುದನ್ನು ನೋಡಿದರೆ ಯಾರಾದರೂ ಭೇಷ್ ಅನ್ನಬೇಕು. ಅದನ್ನೇ ಹಿಡಿದುಕೊಂಡು ಪಾಂಡು ವಾದಿಸುತ್ತಿದ್ದ.

"ನಾಕ ಮಕ್ಕಳನ್ನ ಉಸುಕಿನ್ಯಾಗ ಜ್ವಾಪಾನ ಮಾಡಿದಾಕಿ ಅಕಿ. ನಿನಗ ಯಾಕ ಇಷ್ಟ ಅಂಜಿಕಿ?"

ರೂಪಾಳಿಗೆ ಅಂಜಿಕೆ ಇತ್ತು. ಸಾಮಾನು ಹೂಳುವುದು ಯಾವಾಗ ಎಂದು ಅವಳು ಕಂಡುಹಿಡಿದಿದ್ದಳು. ಓಣಿಗೆ ಕಸದ ಗಾಡಿ ಬಂದು ಪೋಂ ಪೋಂ ಅಂದಾಗಲೇ ಮುದುಕಿಯ ಕಣ್ಣು ಬದಲಾಗುತ್ತಿತ್ತು. ಕೈಗೆ ಹತ್ತಿರ ಸಿಕ್ಕಿದ್ದನ್ನು ಎತ್ತಿಕೊಂಡು ಓಡುತ್ತಿದ್ದಳು. ಅದಕ್ಕೇ ರೂಪಾ ದಿನಾ ಗಾಡಿ ಬಂದು ಹೋಗುವತನಕ ಅತ್ತೆಯ ಕೈ ಹಿಡಿದು ಕೂತಿದ್ದು, ಆಮೇಲೆ ಕಂಪನಿ ಬಸ್ಸಿಗೆ ಓಡುತ್ತಿದ್ದಳು. ಹೇಳಿದರೆ ಗಂಡ ನಗುತ್ತಾನೆ ಎಂದು ಈ ಉಪಾಯವನ್ನು ಯಾರಿಗೂ ಹೇಳಿರಲಿಲ್ಲ.

ಆ ದಿನ ಬೆಳಿಗ್ಗೆ ಗಾಡಿ ಬರಲೇ ಇಲ್ಲ. ರೂಪಾ ಬಾಗಿಲಲ್ಲಿ ನಿಂತು ಕಾದಳು. ಬಸ್ಸು ಎರಡು ಸಲ ಹಾರ್ನ್ ಹೊಡೆಯಿತು. ಇವತ್ತು ರಜೆ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡು ಓಡಿದಳು. ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ದೇವಿಬಾಯಿಗೆ ಫೋನ್ ಮಾಡಿದರೆ ಅವಳು ವಾಸ್ಕೋ ಪೇಟೆಗೆ ಹೋಗಿದ್ದಳು. ಹೋಗುವಾಗ ನೋಡಿದೆ, ಅಜ್ಜಿ ಮೊಮ್ಮಗಳು ಆರಾಮ ಮಲಗಿದ್ದರು ಅಂದಳು. ಮಧ್ಯಾಹ್ನ ಕರೆಂಟು ಹೋಗಿ ಯಂತ್ರಗಳು ನಿಂತವು, ಎಲ್ಲರನ್ನೂ ಬೇಗ ಬಿಟ್ಟರು. ಹೆಂಗಸರು ಬಸ್ಸಿನಲ್ಲಿ ಹಾಡಿಕೊಂಡು ಬಂದರು. ರೂಪಾ ಇಳಿದು ಓಣಿಯ ತಿರುವಿಗೆ ಬಂದಾಗ ಕಸದ ಗಾಡಿ ಪೋಂ ಪೋಂ ಎನ್ನುತ್ತಾ ಓಣಿಯಿಂದ ಹೊರಗೆ ಬರುತ್ತಿತ್ತು.

ಓಡಿ ಮನೆಗೆ ಬಂದರೆ ಬಾಗಿಲು ತೆರೆದಿತ್ತು, ಕೂಸಿನ ಸೀರೆ ಜೋಲಿ ಖಾಲಿ ಇತ್ತು. ಮೂಲೆಯ ಬಿದಿರಿನ ಬುಟ್ಟಿಯೂ ಇರಲಿಲ್ಲ.

ಎದುರಿಗೆ ಅವತ್ತೇ ಹೊಸದಾಗಿ ಮೂರು ಲಾರಿ ಮರಳು ಬಿದ್ದಿತ್ತು. ಮೂರು ರಾಶಿಗಳ ನಡುವೆ, ಸಮತಟ್ಟು ಜಾಗದಲ್ಲಿ, ಧಾಮಿಬಾಯಿ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದಳು. ಮೊಣಕೈತನಕ ಮರಳು ಮೆತ್ತಿತ್ತು. ರೂಪಾ ಅವಳ ಎರಡೂ ಭುಜ ಹಿಡಿದು ಅಲುಗಾಡಿಸಿದಳು, ಕೂಸೆಲ್ಲಿ ಎಂದು ಕಿರುಚಿದಳು. ಮುದುಕಿ ಸೊಸೆಯ ನೀಲಿ ಕೋಟು ನೋಡಿದಳು, ಕೊರಳಲ್ಲಿ ತೂಗುತ್ತಿದ್ದ ಕಂಪನಿಯ ಕಾರ್ಡು ನೋಡಿದಳು. ಮುಖ ಬಿಗಿಯಿತು.

"ನನ್ನ ಕಡಿ ಏನಿಲ್ರಿ, ಸಾಹೇಬ್ರ."

ರೂಪಾ ಅವಳನ್ನು ಪಕ್ಕಕ್ಕೆ ತಳ್ಳಿ, ಕುಳಿತಿದ್ದ ಜಾಗದಲ್ಲೇ ಎರಡು ಕೈಯಿಂದ ಬಗೆದಳು. ಅಲ್ಲಿ ಮರಳ ಕೆಳಗೆ ಗಟ್ಟಿ ನೆಲ ಸಿಕ್ಕಿತು. ಎಡಗಡೆಯ ರಾಶಿಗೆ ಹೋದಳು, ಬಗೆದಷ್ಟೂ ಮರಳು ಮೇಲಿನಿಂದ ಜಾರಿ ಗುಂಡಿ ಮುಚ್ಚುತ್ತಿತ್ತು. ಎಲ್ಲಿಯೂ ಅಳುವಿನ ಸದ್ದಿಲ್ಲ. ಅತ್ತಳು, ಕಾಲು ಹಿಡಿದಳು, ಒಂದು ಏಟೂ ಹೊಡೆದಳು. ಧಾಮಿಬಾಯಿ ಏಟು ತಿಂದು ಬಾಯಿ ಮುಚ್ಚಿಕೊಂಡು ಕುಳಿತಳು. ಹೊಡೆದಷ್ಟೂ ಇವಳು ಹೇಳುವುದಿಲ್ಲ ಎಂಬುದು ಆಗ ರೂಪಾಳಿಗೆ ಹೊಳೆಯಿತು. ಹೊಡೆಸಿಕೊಂಡು ಹೇಳದಿರುವುದೇ ಇವಳು ಕಲಿತ ವಿದ್ಯೆ.

ರೂಪಾ ತನ್ನ ಕಾರ್ಡು ಕಿತ್ತೆಸೆದಳು. ಕೋಟು ಬಿಚ್ಚಿ ಹಿಂದಕ್ಕೆ ಒಗೆದಳು. ಓಢಣಿಯನ್ನು ತಲೆಯ ಮೇಲೆ ಎಳೆದುಕೊಂಡು, ಕಣ್ಣೊರೆಸಿಕೊಂಡು, ಅತ್ತೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತಳು. ಕಿರುಚಬೇಕೆನ್ನುವ ಬಾಯಿಯನ್ನು ಹಲ್ಲು ಕಚ್ಚಿ ತಡೆದುಕೊಂಡಳು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಹೆಸರು ಹಿಡಿದು ಕರೆದವಳಲ್ಲ.

"ಧಾಮಿ," ಅಂದಳು ಮೆಲ್ಲಗೆ, "ಗಾಡಿ ಹೋತು. ತಗಿ."

ಮುದುಕಿ ಓರೆಗಣ್ಣಿನಿಂದ ನೋಡಿದಳು.

"ಖರೇನ, ಸೋನಿ?"

"ಖರೇ. ನಾನ ನೋಡೇನಿ. ತಗಿ."

ಧಾಮಿಬಾಯಿ ಸೊಂಟ ಹಿಡಿದು ಎದ್ದಳು. ಅವಸರವೇ ಇಲ್ಲದೆ ಬಲಗಡೆಯ ರಾಶಿಯ ಹಿಂದಕ್ಕೆ ಹೋಗಿ, ಒಂದು ಕಡೆ ಕೂತು, ರೊಟ್ಟಿಗೆ ಹಿಟ್ಟು ಸರಿಸಿದಂತೆ ಮರಳು ಸರಿಸಿದಳು. ಬುಟ್ಟಿ ಕಂಡಿತು. ರೂಪಾ ಬುಟ್ಟಿ ಎತ್ತಿ ಎಸೆದಳು. ಗೋಣಿಚೀಲದ ಮೇಲೆ ತಮನ್ನಾ ಬೆವರಿನಲ್ಲಿ ತೊಯ್ದು ಬಿದ್ದಿದ್ದಳು, ಕಣ್ಣೆವೆಗಳಲ್ಲಿ ಮರಳು, ತುಟಿ ಬೆಳ್ಳಗಾಗಿತ್ತು. ಎತ್ತಿ ಬೆನ್ನು ತಟ್ಟಿದಳು. ಏನೂ ಇಲ್ಲ. ಇನ್ನೊಮ್ಮೆ ಜೋರಾಗಿ ತಟ್ಟಿದಾಗ ಕೂಸು ಕೆಮ್ಮಿತು, ಆಮೇಲೆ ಸಣ್ಣಗೆ ಅತ್ತಿತು. ಕೂಸನ್ನು ಎದೆಗೆ ಒತ್ತಿಕೊಂಡು ರೂಪಾ ಮರಳಲ್ಲೇ ಕುಸಿದಳು.

ಅಷ್ಟರಲ್ಲಿ ಓಣಿಯ ಆ ತುದಿಯಿಂದ ಪಾಂಡು ಬಂದ. ಹಡಗು ಬರುವುದು ತಡವಾಗಿ ಅವನನ್ನೂ ಬೇಗ ಬಿಟ್ಟಿದ್ದರು. ಇಳಿಬಿಸಿಲಿನಲ್ಲಿ ಮನೆಯ ಮೂವರು ಹೆಣ್ಣುಮಕ್ಕಳೂ ಒಟ್ಟಿಗೆ ಮರಳಿನ ಮೇಲೆ ಕೂತದ್ದು ಕಂಡು ಅವನಿಗೆ ಖುಷಿಯಾಯಿತು.

"ನೋಡ, ಅವ್ವ ಇವತ್ತ ಎಷ್ಟ ಆರಾಮ ಅದಾಳ," ಅಂದ.

ಬಂದರಿನ ಪಾಸು ಅವನ ಕೊರಳಲ್ಲಿ ತೂಗುತ್ತಿತ್ತು. ಧಾಮಿಬಾಯಿ ಅದನ್ನು ನೋಡಿದಳು. ಗುಂಡಿಯೊಳಗಿನ ಗೋಣಿಯನ್ನು ತಟ್ಟಿ ಹಾಸಿ, ಎಸೆದ ಬುಟ್ಟಿಯನ್ನು ಹತ್ತಿರ ಎಳೆದುಕೊಂಡು, ಕೂಸಿನ ಕಡೆ ಎರಡೂ ಕೈ ಚಾಚಿದಳು.

"ಲಗೂನ ತಾ, ಸೋನಿ. ಈ ಗಂಟ ಒಳಗ ಸಪ್ಪಳ ಮಾಡ್ತೈತಿ. ಈ ಸಲ ಇನ್ನೂ ಆಳಕ್ಕ ಇಡ್ತೇನಿ."

ಪಾಂಡುವಿನ ನಗು ಇನ್ನೂ ಮುಖದ ಮೇಲೆ ಇತ್ತು. ಅವನು ಗುಂಡಿ ನೋಡಿದ, ಬುಟ್ಟಿ ನೋಡಿದ, ಮಗಳ ಕೂದಲಿನಿಂದ ಉದುರುತ್ತಿದ್ದ ಮರಳು ನೋಡಿದ. ಅವನ ಅವ್ವ ಮಂಡಿಯೂರಿ, ಅವನಿಗೆ ಕಾಣಬಾರದೆಂದು ಲಂಗ ಹರಡಿಕೊಂಡು, ಎರಡೂ ಕೈಯಿಂದ ಗುಂಡಿ ತೋಡುತ್ತಿದ್ದಳು.