ಹಲಗೆಯ ಬಲತುದಿ

ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಶಿವಶಂಕರ ನಾರಾಯಣಪೇಟೆಗೆ ಬಂದ. ಕೆಲವೇ ತಿಂಗಳಿಗೆ ಪೊಲೀಸ್ ಆಕ್ಷನ್ ಆಗಿ ನಿಜಾಮರ ಸರ್ಕಾರ ಹೋಯಿತು. ಅವನು ಕಲಿತದ್ದೆಲ್ಲ ಉರ್ದುವಿನಲ್ಲಿ. ಇತಿಹಾಸ, ತರ್ಕ, ರಾತ್ರಿ ಕದ್ದು ಓದಿದ ದೂರದೇಶದ ಕಾದಂಬರಿಗಳು ಕೂಡ. ಈಗ ಆ ಭಾಷೆಯನ್ನು ಹಳೇ ಕುರ್ಚಿಯ ಹಾಗೆ ಕಚೇರಿಯಿಂದ ಹೊರಗೆ ಇಡುತ್ತಿದ್ದರು. ಅವನು ಮನೆಯಲ್ಲಿ ಕೂತಿದ್ದ.

"ಬಿ.ಎ.ಗೂ ತುಕ್ಕು ಹಿಡೀತೈತಿ ಅಳಿಯಾ, ಕುಂತು ಕುಂತು," ಎಂದ ಸೋದರಮಾವ ನಾಗಪ್ಪ. ಕೃಷ್ಣಾ ಹೊಳೆಯಾಚೆ ಗದ್ವಾಲದಲ್ಲಿ ಅವನದು ರೈತರ ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿ. "ನನ್ನ ಅಂಗಡಿಗೆ ಬಾ. ರೈತರ ಕೂಡ ತೆಲುಗಿನಾಗ ನಾಕು ಮಾತು, ಸೇಟುಗಳ ಕೂಡ ಉರ್ದುನಾಗ ನಾಕು. ಕೆಲಸ ಇಷ್ಟೇ."

"ಮಕ್ತಲದ ಕನ್ನಡ ಸಾಲಿಗೆ ಮಾಸ್ತರ ಬೇಕಂತ ಮಾಮಾ. ನಾಳೆ ಸಾಲಿ ಇನ್‌ಸ್ಪೆಕ್ಟರ್ ಬರ್ತಾರ."

"ಮಾಸ್ತರಿಕಿ! ಅಕ್ಕಾ, ಕೇಳಿದೇನು? ನಿನ್ನ ಮಗ ಹೈದರಾಬಾದ್ ತನಕ ಹೋಗಿ ಬಂದದ್ದು ಹುಡುಗೋರ ಮೂಗು ಒರಸಾಕ."

ರೊಟ್ಟಿ ಬಡಿಯುತ್ತಿದ್ದ ಚನ್ನವೀರಮ್ಮ ತಲೆ ಎತ್ತಲಿಲ್ಲ. "ಅವನ ಮನಸಿನಾಗ ಏನೈತೋ ಯಾರಿಗೆ ಗೊತ್ತಪಾ. ಬಂದಾಗಿಂದ ಬಾಯಿ ಬಿಟ್ಟಿಲ್ಲ."

ಬಾಯಿ ಬಿಡಬೇಕೆಂದರೆ ಮಾತು ಬೇಕಲ್ಲ. ಅವ್ವ ಕಲಿಸಿದ ಕನ್ನಡದಲ್ಲಿ ಅವನಿಗೆ ಹಸಿವು ಹೇಳಲು ಬರುತ್ತಿತ್ತು, ನೀರು ಕೇಳಲು ಬರುತ್ತಿತ್ತು. ಒಳಗೆ ಕುದಿಯುತ್ತಿದ್ದದ್ದು ಮಾತ್ರ ಉರ್ದುವಿನಲ್ಲೇ ಕುದಿಯುತ್ತಿತ್ತು. ಮಾಮನ ಅಂಗಡಿಯ ಗಾದಿಯ ಮೇಲೆ ಕೂತರೆ ಅದೂ ತಣ್ಣಗಾಗಿ, ಎರಡು ಭಾಷೆಯ ಎಂಟು ಮಾತಿನಲ್ಲಿ ಬದುಕು ಮುಗಿದುಹೋಗುತ್ತದೆ ಎಂಬ ಹೆದರಿಕೆ ಅವನಿಗೆ.

ನಾಗಪ್ಪ ಏಳುತ್ತ ಅಂದ: "ಹೋಗು, ನೋಡಿ ಬಾ. ನಾಳೆ ಸಂಜಿಗೆ ಹೊಳಿದಂಡಿಗೆ ನನ್ನ ಬಂಡಿ ಬಂದಿರ್ತೈತಿ. ಅಲ್ಲಿ ಆಗಲಿಲ್ಲಂದ್ರ ಸೀದಾ ಹೊಳಿ ದಾಟಿ ಬಾ."

ಮಕ್ತಲದ ಶಾಲೆ ಎಂದರೆ ಹಂಚಿನ ಎರಡು ಕೋಣೆ, ಒಂದು ಬೇವಿನ ಮರ. ಇನ್‌ಸ್ಪೆಕ್ಟರ್ ಬಳ್ಳಾರಿ ಕಡೆಯವರು, ಮೆಲುಮಾತಿನ ಮನುಷ್ಯ. ಐದನೇ ಜಮಾತಿನ ಮಕ್ಕಳಿಗೆ ಏನಾದರೂ ಪಾಠ ಹೇಳಿ ಎಂದರು. ಶಿವಶಂಕರ ಕೃಷ್ಣಾ ನದಿಯ ಬಗ್ಗೆ ಹೇಳಿದ. ಹರಗೋಲಿನಲ್ಲಿ ಕೂತಾಗ ದಂಡೆಯೇ ಸುತ್ತಿದಂತೆ ಕಾಣುವುದನ್ನು ಹೇಳಿದಾಗ ಮಕ್ಕಳು ಬಾಯಿ ತೆರೆದು ಕೇಳಿದರು. ಎಷ್ಟೋ ತಿಂಗಳ ಮೇಲೆ ಅವನ ಮಾತು ಇನ್ನೊಬ್ಬರನ್ನು ಮುಟ್ಟಿತ್ತು.

"ನದಿಯ ಹೆಸರು ಹಲಗೆ ಮೇಲೆ ಬರೀರಿ," ಎಂದರು ಇನ್‌ಸ್ಪೆಕ್ಟರ್.

ಖುಷಿಯಲ್ಲೇ ಸುಣ್ಣದ ಕಡ್ಡಿ ಹಿಡಿದು ನಡೆದ. ಕರಿಹಲಗೆಯ ಬಲತುದಿಗೆ ಹೋಗಿ ನಿಂತು, ಚಿಕ್ಕಂದಿನಲ್ಲಿ ಮನೆಯಲ್ಲಿ ತಿದ್ದಿದ ನೆನಪಿನಿಂದ 'ಕೃ' ಎಂದು ಬರೆದ. ಮುಂದಿನ ಅಕ್ಷರಕ್ಕೆ ಹಲಗೆ ಇರಲಿಲ್ಲ. ಕಟ್ಟಿಗೆಯ ಚೌಕಟ್ಟು, ಅದರಾಚೆ ಗೋಡೆ.

ಕೈ ಅಲ್ಲೇ ನಿಂತಿತು. ಶಾಲೆಗೆ ಸೇರಿದ ದಿನದಿಂದ ಉರ್ದು ಬರೆಯುತ್ತ ಆ ಕೈ ಬಲಗಡೆಯಿಂದಲೇ ಹೊರಟಿತ್ತು. ಇಂದು ನಾಲಿಗೆ ಕನ್ನಡದಲ್ಲಿತ್ತು, ಕೈ ಮಾತ್ರ ತನ್ನ ಹಳೇ ದಾರಿಯಲ್ಲಿ ಹೋಗಿತ್ತು.

"ಸಾರ್, ಗ್ವಾಡಿ ಮ್ಯಾಲ ಬರೀತೀರೇನ್ರಿ?" ಮುಂದಿನ ಸಾಲಿನ ಹುಡುಗಿ ಕೇಳಿದಳು. ಕೋಣೆಯೆಲ್ಲ ನಕ್ಕಿತು. ಇನ್‌ಸ್ಪೆಕ್ಟರ್ ನಗಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಹೊರಗೆ ಬೇವಿನ ನೆರಳಿನಲ್ಲಿ ಅವರು ಹೇಳಿದರು: "ನೀವು ಹೇಳೋದು ಚೆನ್ನಾಗಿದೆ. ಕೈ ಪಳಗಿಲ್ಲ. ಐದನೇದು ಕೊಡೋಕೆ ಆಗಲ್ಲ. ಒಂದನೇ ಜಮಾತು ಖಾಲಿ ಇದೆ. ಮಕ್ಕಳ ಜೊತೆ ನೀವೂ ತಿದ್ದಬೇಕಾಗುತ್ತೆ. ಬಿ.ಎ. ಮಾಡಿದವರು, ಬೇಜಾರಾದರೆ ಬೇಡ ಅನ್ನಿ. ನಾನು ಹೊರಡೋದರೊಳಗೆ ಹೇಳಿದರೆ ಸಾಕು."

ಶಿವಶಂಕರ ನಡೆಯತೊಡಗಿದ. ಅವ್ವನನ್ನು ಕೇಳಿದರೆ ನಿನಗ ತಿಳಿದಂಗ ಮಾಡಪ್ಪ ಅನ್ನುತ್ತಾಳೆ. ಮಾಮನ ಉತ್ತರ ಬಂಡಿ ಹೂಡಿಕೊಂಡು ಕಾಯುತ್ತಿದೆ. ಕಾಲು ತಾನಾಗಿ ಅದೇ ಊರಿನ ಗೆಳೆಯ ಹಫೀಜನ ಓಣಿಗೆ ತಿರುಗಿತು. ಹೈದರಾಬಾದಿನ ಹಾಸ್ಟೆಲ್ಲಿನಲ್ಲಿ ಇಬ್ಬರದೂ ಒಂದೇ ಕೋಣೆ. ಆ ಮನೆಯವರೆಲ್ಲ ಊರು ಬಿಟ್ಟದ್ದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೋದ.

ಮನೆಯ ಮುಂದೆ ಎಮ್ಮೆ ಕಟ್ಟಿತ್ತು. ಸೆಗಣಿಯ ಕುಳ್ಳು ತಟ್ಟುತ್ತಿದ್ದ ಮುದುಕಿ ಕೈ ನಿಲ್ಲಿಸಿ ನೋಡಿದಳು.

"ಯಾರು ಬೇಕಪ್ಪಾ?"

"ಹಫೀಜ್ ಅಂತ... ಈ ಮನ್ಯಾಗ ಇದ್ರು."

"ಹೋದ್ರಲ್ಲಪ್ಪಾ, ಮಕ್ಕಳು ಮರಿ ಕಟಗೊಂಡು. ಕರಾಚಿಗಂತ. ಅದು ಎಲ್ಲೈತೋ ಏನೋ." ಅವನ ಹಣೆಯ ವಿಭೂತಿ ನೋಡುತ್ತ ಕೇಳಿದಳು, "ನೀ ಅವರ ಪೈಕೇನು?"

"ಹೌದವ್ವಾ."

ಮುದುಕಿ ಸೆಗಣಿ ಕೈ ತೊಳೆದುಕೊಂಡಳು. "ಬಿಸಲಾಗ ಬಂದೀದಿ, ನೀರು ಕುಡಿ," ಎಂದು ಒಳಗೆ ಹೋದಳು.

ಒಂದನೇ ಜಮಾತು ಒಪ್ಪಲೋ ಬೇಡವೋ ಎಂದು ಕೇಳಬೇಕಾದ್ದನ್ನು ಅವನು ದಾರಿಯುದ್ದಕ್ಕೂ ಉರ್ದುವಿನಲ್ಲಿ ಪೂರ್ತಿ ಜೋಡಿಸಿಕೊಂಡು ಬಂದಿದ್ದ. ಈಗ ಆ ವಾಕ್ಯವನ್ನು ಕೊಡಲು ಯಾರೂ ಇಲ್ಲದೆ, ಎಮ್ಮೆಯ ಪಕ್ಕದಲ್ಲಿ ನಿಂತ. ಹಫೀಜ್ ಇದ್ದಿದ್ದರೆ ಮೊದಲು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಗೋಡೆ ಮೇಲೇ ಬರೆಯಬೇಕಿತ್ತು ಮಿಯಾಂ, ಬಿಟ್ಟೆಯಾಕೆ?" ಎನ್ನುತ್ತಿದ್ದ. ಆ ನಗು ಕಿವಿಯಲ್ಲಿ ಕೇಳಿದಾಗ ತರಗತಿಯ ನಗುವಿನ ಉರಿ ಸ್ವಲ್ಪ ಇಳಿಯಿತು. ಮಕ್ಕಳು ಕಂಡದ್ದನ್ನು ಕಂಡು ನಕ್ಕಿದ್ದರು, ಅಷ್ಟೆ. ಗದ್ವಾಲದ ಗಾದಿಯ ಮೇಲೆ ಅವನ ತಪ್ಪನ್ನು ಯಾರೂ ಕಾಣುವುದಿಲ್ಲ, ಅವನನ್ನೂ ಕಾಣುವುದಿಲ್ಲ.

ನೀರು ಕುಡಿದು, ತಂಬಿಗೆ ಕೊಟ್ಟು, ಶಾಲೆಗೆ ಮರಳಿದ.

"ಒಂದನೇ ಜಮಾತು ಕೊಡ್ರಿ," ಎಂದ.

"ಯೋಚನೆ ಮಾಡಿದಿರಾ?"

"ಮಾಡೀನ್ರಿ."

ಇನ್‌ಸ್ಪೆಕ್ಟರ್ ಹೋದ ಮೇಲೆ ಶಾಲೆಯ ಜವಾನ ಉರುಕುಂದಪ್ಪ ಸೈಕಲ್ ತೆಗೆದ. ಅವನದು ಹೊಳೆದಂಡೆಯ ಹಳ್ಳಿ.

"ದಂಡ್ಯಾಗ ನಾಗಪ್ಪ ಸಾವಕಾರ್ರ ಬಂಡಿ ನಿಂತಿರ್ತೈತಿ," ಎಂದ ಶಿವಶಂಕರ. "ನಾ ಬರಂಗಿಲ್ಲಂತ ಹೇಳು."

"ಖಾಲಿ ಬಂಡಿ ಹೋದ್ರ ಸಾವಕಾರ್ರು ಬಯ್ಯಂಗಿಲ್ಲೇನ್ರಿ?"

"ಬಯ್ತಾರ. ಬಂಡಿಯವನಿಗಲ್ಲ, ನನಗ."

"ಹಂಗಾದ್ರ ಹೇಳ್ತೀನಿ ಬಿಡ್ರಿ," ಎಂದು ಉರುಕುಂದಪ್ಪ ಪೆಡಲು ತುಳಿದ.

ಕೋಣೆಯಲ್ಲಿ ಸಂಜೆಯ ಬಿಸಿಲು ಓರೆಯಾಗಿ ಬಿದ್ದಿತ್ತು. ಹಲಗೆಯ ಬಲತುದಿಯಲ್ಲಿ 'ಕೃ' ಹಾಗೇ ಇತ್ತು, ಯಾರೂ ಒರೆಸಿರಲಿಲ್ಲ. ಶಿವಶಂಕರ ಎಡತುದಿಗೆ ಹೋದ. ಕೈ ಬೇರೆ ಯಾರದೋ ಎನ್ನುವ ಹಾಗೆ ಮೊಂಡು ಹಿಡಿಯಿತು. ಅದನ್ನು ಎಳೆದು ತಂದು 'ಅ' ಬರೆದ. ಸೊಟ್ಟಾಯಿತು.

ಯಾರೋ ನಕ್ಕಂತಾಗಿ ಹಿಂತಿರುಗಿ ನೋಡಿದ. ಸುತ್ತಿಟ್ಟ ಚಾಪೆಗಳು ಗೋಡೆಗೆ ಒರಗಿದ್ದವು. ಅಂಗೈಯಿಂದ ಒರೆಸಿ, ಮತ್ತೆ ಬರೆದ.