ಗೊಟ್ಟದ ಜೊತೆ ಬಂದ ಚೀಟಿ

ಚಿತ್ರದುರ್ಗದ ಒಂದು ಪಶು ಔಷಧಿ ಕಂಪನಿಯಲ್ಲಿ ನೇತ್ರಾವತಿ ಹನ್ನೊಂದು ವರ್ಷ ಡಬ್ಬದ ಜೊತೆಗಿಡುವ ಚೀಟಿಗಳನ್ನು ಬರೆದರು. ಬರೆದದ್ದನ್ನು ಮೊದಲು ಅಲ್ಲಿ ಕಸ ಗುಡಿಸುವ ಕಾಟಮ್ಮನಿಗೆ ಓದಿ ಹೇಳುವರು. ಕಾಟಮ್ಮ ಕುರಿಗಾರರ ಮನೆಯವಳು. ಅವಳು ಒಂದು ಪ್ರಶ್ನೆ ಕೇಳಿದರೂ ಚೀಟಿಯನ್ನು ಮತ್ತೆ ಬರೆಯಬೇಕು.

"ನಾನೇನು ನಿಮ್ಗೆ ಮೇಷ್ಟ್ರಾ ಅಮ್ಮಾರೆ?" ಎಂದು ನಗುತ್ತಲೇ ಅವಳು ತಪ್ಪು ಹಿಡಿಯುವಳು.

ಯುಗಾದಿ ಕಳೆದ ಮೇಲೆ ಮಾಲೀಕ ನಿರಂಜನ್, "ಈಗ ಚೀಟಿ ಎಲ್ಲಾನೂ ಫೋನಲ್ಲಿರೋ ಎಐನೇ ಬರ್ಕೊಡುತ್ತೆ ಮೇಡಮ್, ನೀವು ಆರಾಮಾಗಿರಿ" ಎಂದ. ಶಾಲು ಹೊದಿಸಿ, ತಾನೇ ಕಾರಿನಲ್ಲಿ ಮನೆಯವರೆಗೆ ಬಿಟ್ಟು ಹೋದ. ಕೆಟ್ಟ ಹುಡುಗನಲ್ಲ.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕಾಟಮ್ಮ ಅವರ ಮನೆಗೆ ಬಂದಳು. ಒಂದು ಕೈಯಲ್ಲಿ ಅವರಿಗೆಂದು ತಂದ ಕರಿಬೇವು, ಇನ್ನೊಂದರಲ್ಲಿ ಹೊಸ ಚೀಟಿ.

"ಉಣ್ಣಿ ಔಷ್ದಿ ಅಂತೆ. ಇದನ್ನ ಕುಡಿಸಾದೋ, ಮೈಗೆ ಹಚ್ಚಾದೋ?"

ನೇತ್ರಾವತಿ ಕನ್ನಡಕ ಏರಿಸಿ ಓದಿದರು. 'ಹತ್ತು ಲೀಟರ್ ನೀರಿಗೆ ಒಂದು ಅಳತೆ ಬೆರೆಸಿ ಕುರಿಗೆ ಕೊಡಬೇಕು.' ಮೈಗೆ ಸವರಬೇಕೆಂದಾಗಲಿ, ವಿಷವೆಂದಾಗಲಿ ಎಲ್ಲಿಯೂ ಇರಲಿಲ್ಲ.

"ಅಳತೆಗೆ ಏನು ಕೊಟ್ಟಿದ್ದಾರೆ?"

"ಡಬ್ಬಕ್ಕೊಂದು ಪ್ಲಾಸ್ಟಿಕ್ ಗೊಟ್ಟ, ಪುಕ್ಕಟೆ."

ಕುರಿಗಾರರ ಮನೆಯಲ್ಲಿ ಗೊಟ್ಟಕ್ಕೆ ಇರುವುದು ಒಂದೇ ಕೆಲಸ: ಕುರಿಯ ಬಾಯಿ ತೆರೆದು ಔಷಧಿ ಹೊಯ್ಯುವುದು.

"ನಮ್ಮಣ್ಣ ಚಿತ್ತಯ್ಯ ನಿನ್ನೆ ಒಂದು ಡಬ್ಬ ಒಯ್ದಾನೆ," ಎಂದಳು ಕಾಟಮ್ಮ ಮೆಲ್ಲಗೆ. "ಫೋನ್ ತಗಂತಿಲ್ಲ."

ನೇತ್ರಾವತಿ ನಿರಂಜನ್‌ಗೆ ಫೋನ್ ಮಾಡಿದರು.

"ಉಣ್ಣಿ ಔಷಧಿ ಯಾರಾದ್ರೂ ಕುಡಿಸ್ತಾರಾ ಮೇಡಮ್? ಅಷ್ಟೂ ಗೊತ್ತಾಗಲ್ವಾ?"

"ಗೊಟ್ಟ ಕೊಟ್ಟವನು ನೀನೇ ಅಲ್ವೇನಪ್ಪ?"

"ಹೊಸದುರ್ಗಕ್ಕೂ ಹೊಳಲ್ಕೆರೆಗೂ ಲೋಡ್ ಹೋಗಿದೆ," ಎಂದ ನಿರಂಜನ್.

ಚಿತ್ತಯ್ಯನ ಊರಿಗೆಂದು ಇಬ್ಬರೂ ಹತ್ತಿದ ಹಿರಿಯೂರಿನ ಬಸ್ಸಿನಿಂದಲೇ ನೇತ್ರಾವತಿ ಅಲ್ಲಿಯ ಪಶು ವೈದ್ಯರಿಗೆ ಫೋನ್ ಮಾಡಿದರು. ಜೀಪಿನಲ್ಲಿ ಹೊರಟಿದ್ದೇವೆ ಎಂದರು ವೈದ್ಯರು. ಗುರುತಿಲ್ಲದ ಹೆಂಗಸೊಬ್ಬಳು ಕಾಟಮ್ಮನ ಮುಖ ನೋಡಿ ನೀರಿನ ಬಾಟಲಿ ಚಾಚಿದಳು. ಹಿರಿಯೂರಿನಲ್ಲಿ ಆಟೋದವನು ಏನೂ ಕೇಳದೆ ಯಲ್ಲದಕೆರೆಯ ಕಡೆಗೆ ಜೋರಾಗಿ ಓಡಿಸಿದ.

ಚಿತ್ತಯ್ಯ ಕುರಿ ಕೂಡುವ ರೊಪ್ಪದ ಹತ್ತಿರ ಒಂದು ಕುರಿಯೂ ಅರಚುತ್ತಿರಲಿಲ್ಲ. ನಾಯಿ ಬಾಲ ಮುದುರಿಕೊಂಡು ಬೇಲಿಗೆ ಒರಗಿತ್ತು. ತೊಳೆದ ಗೊಟ್ಟ ಗೂಟದ ಮೇಲೆ ಒಣಗುತ್ತಿತ್ತು.

"ಬರ್ರಿ ಅಮ್ಮಾರೆ, ಕುಂತ್ಕಳ್ರಿ." ಚಿತ್ತಯ್ಯ ತನ್ನ ಕಂಬಳಿಯನ್ನೇ ನೆರಳಿಗೆ ಹಾಸಿದ. "ಚೀಟಿ ಎರಡು ಸಲ ಓದಿಸ್ದೆ. ನೀವು ಬರ್ದಿದ್ದಲ್ವಾ, ಧೈರ್ಯ ಐತೆ. ಒಂದು ಮರೀನೂ ಬಿಡದಂಗೆ ಕುಡಿಸೀನಿ."

ಅದು ನೇತ್ರಾವತಿ ಬರೆದದ್ದಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವನ ಬೆನ್ನ ಹಿಂದೆ ಇಡೀ ಹಿಂಡು ಮೇವು ಮುಟ್ಟದೆ ತಲೆ ಇಳಿಬಿಟ್ಟು ನಿಂತಿತ್ತು. ಮುಂದಿದ್ದ ಹಂಡಬಂಡ ಕುರಿಯ ಬಾಯಲ್ಲಿ ಬಿಳಿ ನೊರೆ. ಅದು ಮೊದಲು ಮುಂಗಾಲು ಮಡಚಿತು.

ನೇತ್ರಾವತಿ ದಾರಿಯತ್ತ ತಿರುಗಿ ನೋಡಿದರು. ಡಾಕ್ಟರ ಜೀಪಿನ ಧೂಳು ಇನ್ನೂ ಎಲ್ಲಿಯೂ ಎದ್ದಿರಲಿಲ್ಲ. ಚೀಲದಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಚೀಟಿ ಈಗಲೂ ಅವರದೇ ಎಂದುಕೊಂಡಿದ್ದ ಹೊಸದುರ್ಗದ ಔಷಧಿ ಅಂಗಡಿಯವರು.